ಎರಡು ಗುಳಿಗೆಗಳ ಮೇಲೆ ನಿಂತ ಜೀವ

ಕಾಫಿ ಹಣ್ಣು ಕೆಂಪಾಗುವ ಕಾಲಕ್ಕೆ ನಮ್ಮ ತೋಟಗಳ ಲೈನು ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳುವುದು ಈಗ ವಾಡಿಕೆಯಾಗಿದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಸಂಸಾರಗಳು ತಮ್ಮ ಹೊಲದ ಕೆಲಸ ತೀರಿದೊಡನೆ ಗಂಟುಮೂಟೆ ಕಟ್ಟಿಕೊಂಡು ಮಲೆನಾಡಿನ ಹಾದಿ ಹಿಡಿಯುತ್ತವೆ. ಗಂಡಸರು ಮರಗಸಿಗೆ, ಹೆಂಗಸರು ಹಣ್ಣು ಕುಯ್ಲಿಗೆ, ಅಡಿಕೆ ಸುಲಿಯುವುದಕ್ಕೆ ನಿಲ್ಲುತ್ತಾರೆ. ಇವರಿಲ್ಲದೆ ನಮ್ಮ ಕಣ ತುಂಬುವುದಿಲ್ಲ ಎಂಬುದನ್ನು ಯಾವ ಬೆಳೆಗಾರನೂ ಅಲ್ಲಗಳೆಯಲಾರ.

ಕಳೆದ ಕುಯ್ಲಿನಲ್ಲಿ ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಹೀಗಾಯಿತು. ಯಲಬುರ್ಗಾ ತಾಲ್ಲೂಕಿನ ಒಬ್ಬ ಹೆಣ್ಣುಮಗಳಿಗೆ ರಾತ್ರಿ ವಾಂತಿ, ಭೇದಿ ಹತ್ತಿತು. ಬೆಳಿಗ್ಗೆ ಹೊತ್ತಿಗೆ ಏಳಲಾರದಷ್ಟು ಸೋತಿದ್ದಳು. ಕೈಕಾಲು ತಣ್ಣಗಾಗಿದ್ದವು, ಮಾತು ತೊದಲುತ್ತಿತ್ತು. ಏನೋ ಅಜೀರ್ಣ, ಮಜ್ಜಿಗೆ ಕುಡಿದು ಮಲಗಿದರೆ ಸರಿಹೋದೀತು ಎಂದು ಅಕ್ಕಪಕ್ಕದವರು ಅಂದುಕೊಂಡರು. ಆಕೆಯ ಗಂಡ ಮಾತ್ರ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಚೀಟಿ ತೆಗೆದು ರೈಟರ ಕೈಗಿತ್ತು, “ಈಕಿಗಿ ವಾಂತಿ ಆದ್ರ ತಡಾ ಮಾಡಬ್ಯಾಡ್ರಿ ಅಂತ ದವಾಖಾನ್ಯಾಗ ಹೇಳ್ಯಾರ್ರೀ ಅಣ್ಣಾರ” ಎಂದನು. ರೈಟರು ಚೀಟಿ ಓದಿ ಯಜಮಾನರಿಗೆ ತೋರಿಸಿದರು, ಜೀಪು ಹೊರಟಿತು. ಆಸ್ಪತ್ರೆಯಲ್ಲಿ ಚೀಟಿಯಲ್ಲಿದ್ದ ಇಂಜೆಕ್ಷನ್ನನ್ನೇ ಕೊಟ್ಟು, ಸಲೈನ್ ಏರಿಸಿದರು. ಸಂಜೆಗೆ ಆಕೆ ಎದ್ದು ಕುಳಿತು ಗಂಜಿ ಕೇಳಿದಳು.

ಆ ಚೀಟಿಯಲ್ಲಿ ಎರಡು ರೋಗಗಳ ಹೆಸರಿತ್ತು. ಒಂದು, ಅಡ್ರಿನಲ್ ಗ್ರಂಥಿಯ ಕೊರತೆ. ಇನ್ನೊಂದು, ಥೈರಾಯಿಡ್ ಗ್ರಂಥಿಯ ಮಂದಗತಿ. ಥೈರಾಯಿಡ್ ಎಂಬ ಹೆಸರು ಈಗ ಮನೆಮನೆಯ ಮಾತು. ಅಡ್ರಿನಲ್ ಎಂಬುದು ನಮ್ಮಲ್ಲಿ ಹಲವರಿಗೆ ಹೊಸದು. ಎರಡೂ ಒಟ್ಟಿಗೆ ಬಂದಾಗ ಬದುಕು ಹೇಗೆ, ಅದರಲ್ಲಿ ಅಪಾಯ ಎಲ್ಲಿದೆ ಎಂಬುದನ್ನು ತಿಳಿಯುವ ಸಲುವಾಗಿ ನಾವು ಬೇಸಿಗೆಯಲ್ಲಿ ಕೊಪ್ಪಳ ಸೀಮೆಗೆ ಹೋಗಿಬಂದೆವು, ತಿಳಿದವರನ್ನು ಕೇಳಿದೆವು. ಅದರ ಸಾರವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಎರಡು ಗ್ರಂಥಿಗಳು, ಒಬ್ಬ ರೈಟರು

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಒಂದೊಂದು ಸಣ್ಣ ಗ್ರಂಥಿ ಇದೆ. ಇವೇ ಅಡ್ರಿನಲ್ ಗ್ರಂಥಿಗಳು. ಒಂದೊಂದರ ತೂಕ ನಾಲ್ಕೈದು ಗ್ರಾಂ ಮಾತ್ರ. ಇವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ರಕ್ತದೊತ್ತಡ ಕುಸಿಯದಂತೆ, ರಕ್ತದ ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದು, ಜ್ವರ, ಗಾಯ, ಆಘಾತ ಬಂದಾಗ ದೇಹ ತಡೆದುಕೊಳ್ಳುವಂತೆ ಮಾಡುವುದು ಇದರ ಕೆಲಸ. ಆಲ್ಡೊಸ್ಟೆರೋನ್ ಎಂಬ ಇನ್ನೊಂದು ಹಾರ್ಮೋನು ದೇಹದ ಉಪ್ಪು ಮೂತ್ರದಲ್ಲಿ ಸೋರಿಹೋಗದಂತೆ ತಡೆಯುತ್ತದೆ.

ಥೈರಾಯಿಡ್ ಇರುವುದು ಗಂಟಲಿನ ಮುಂಭಾಗದಲ್ಲಿ, ಚಿಟ್ಟೆಯ ಆಕಾರದಲ್ಲಿ. ಅದು ಸ್ರವಿಸುವ ಥೈರಾಕ್ಸಿನ್ ದೇಹದ ಒಲೆಯ ಉರಿಯನ್ನು ಹಿಡಿತದಲ್ಲಿ ಇಡುತ್ತದೆ. ಥೈರಾಕ್ಸಿನ್ ಕಡಮೆಯಾದರೆ ಉರಿ ತಗ್ಗುತ್ತದೆ: ಚಳಿ ಹೆಚ್ಚು, ಮೈ ಭಾರ, ಮಲಬದ್ಧತೆ, ಒಣ ಚರ್ಮ, ಮಂಕು.

ಈ ಎರಡೂ ಗ್ರಂಥಿಗಳಿಗೆ ಅಪ್ಪಣೆ ಕೊಡುವವನು ಮಿದುಳಿನ ತಳದಲ್ಲಿ ಕಡಲೆಕಾಳಿನ ಗಾತ್ರದಲ್ಲಿ ಕುಳಿತಿರುವ ಪಿಟ್ಯುಟರಿ ಗ್ರಂಥಿ. ತೋಟದ ಭಾಷೆಯಲ್ಲಿ ಹೇಳುವುದಾದರೆ ಇವನೇ ರೈಟರು. ಬೆಳಿಗ್ಗೆ ಎದ್ದು ಯಾರು ಯಾವ ಪಟ್ಟೆಗೆ ಎಂದು ಹಂಚುವವನು ಇವನು. ಕೆಲಸಗಾರರು ಮಲಗಿದರೂ ಕೆಲಸ ನಿಲ್ಲುತ್ತದೆ, ರೈಟರು ಮಲಗಿದರೂ ನಿಲ್ಲುತ್ತದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ.

ಎರಡೂ ಒಟ್ಟಿಗೆ ಸೋಲುವುದು ಹೇಗೆ?

ಲಂಡನ್ನಿನ ಗಯ್ಸ್ ಆಸ್ಪತ್ರೆಯ ಡಾಕ್ಟರ್ ಥಾಮಸ್ ಅಡಿಸನ್ ಎಂಬುವರು 1855ರಲ್ಲಿ ಅಡ್ರಿನಲ್ ಗ್ರಂಥಿಗಳ ರೋಗವನ್ನು ಮೊದಲು ವಿವರವಾಗಿ ಬರೆದರು. ಅಂದಿನಿಂದ ಅದಕ್ಕೆ ಅಡಿಸನ್ನನ ರೋಗ ಎಂದೇ ಹೆಸರು. ಅವರು ನೋಡಿದ ರೋಗಿಗಳಲ್ಲಿ ಹಲವರ ಗ್ರಂಥಿಗಳನ್ನು ತಿಂದಿದ್ದುದು ಕ್ಷಯ. ನಮ್ಮ ದೇಶದಲ್ಲಿ ಕ್ಷಯ ಇಂದಿಗೂ ಈ ರೋಗದ ಒಂದು ಮುಖ್ಯ ಕಾರಣ. ಹಿಂದೆ ಕ್ಷಯವಾಗಿ ವಾಸಿಯಾದವರೂ ಇದನ್ನು ಮರೆಯಬಾರದು.

1926ರಲ್ಲಿ ಷ್ಮಿಟ್ ಎಂಬ ಜರ್ಮನ್ ವೈದ್ಯರು ಅಡ್ರಿನಲ್ ಮತ್ತು ಥೈರಾಯಿಡ್ ಎರಡೂ ನಾಶವಾಗಿದ್ದ ಇಬ್ಬರು ರೋಗಿಗಳ ವಿಷಯ ಪ್ರಕಟಿಸಿದರು. ಅಲ್ಲಿ ಕ್ಷಯ ಇರಲಿಲ್ಲ. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ತಿರುಗಿಬಿದ್ದು ತನ್ನದೇ ಗ್ರಂಥಿಗಳನ್ನು ಹಾಳುಮಾಡುತ್ತವೆ ಎಂಬುದು ಆಮೇಲೆ ತಿಳಿಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಂಥವರಲ್ಲಿ ಕೆಲವರಿಗೆ ಇನ್ಸುಲಿನ್ ಬೇಡುವ ಸಕ್ಕರೆ ಕಾಯಿಲೆ, ತೊನ್ನು ಸಹ ಜೊತೆಗೂಡುವುದುಂಟು. ಇದು ಕುಟುಂಬದಲ್ಲಿ ಸಾಗಿಬರುವುದೂ ಉಂಟು.

ಎರಡನೆಯ ದಾರಿ ಹೆರಿಗೆಯದು. ಬಸುರಿಯಲ್ಲಿ ಪಿಟ್ಯುಟರಿ ಗ್ರಂಥಿ ದೊಡ್ಡದಾಗಿರುತ್ತದೆ. ಅದಕ್ಕೆ ರಕ್ತವೂ ಹೆಚ್ಚು ಬೇಕು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಒತ್ತಡ ಕುಸಿದರೆ ರೈಟರಿಗೇ ಊಟವಿಲ್ಲದಂತಾಗಿ ಗ್ರಂಥಿ ಸತ್ತುಹೋಗುತ್ತದೆ. ಇಂಗ್ಲೆಂಡಿನ ಡಾಕ್ಟರ್ ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ತೋರಿಸಿಕೊಟ್ಟರು. ಬಾಣಂತಿಗೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಕಂಕುಳ ಕೂದಲು ಉದುರುತ್ತದೆ. ವರ್ಷಗಟ್ಟಲೆ ಸುಸ್ತು, ಚಳಿ. ಅಡ್ರಿನಲ್ಲೂ ಥೈರಾಯಿಡೂ ಸ್ವತಃ ಚೆನ್ನಾಗಿಯೇ ಇದ್ದರೂ ಅಪ್ಪಣೆ ಇಲ್ಲದೆ ಸುಮ್ಮನೆ ಕುಳಿತುಬಿಡುತ್ತವೆ. ಕಾಶ್ಮೀರದ ವೈದ್ಯರು 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಅಲ್ಲಿ ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಈ ರೋಗವಿತ್ತು. ಅವರಲ್ಲಿ ಹೆಚ್ಚಿನವರು ಮನೆಯಲ್ಲಿಯೇ ಹೆತ್ತವರು.

ಮೂರನೆಯ ದಾರಿ ನಮ್ಮಂಥ ಕೃಷಿಕರನ್ನು ನೇರವಾಗಿ ಮುಟ್ಟುವಂಥದು: ಕೊಳಕುಮಂಡಲದ ಹಾವಿನ ಕಡಿತ. ಅದರ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುತ್ತದೆ. ಕೆಲವರಲ್ಲಿ ಪಿಟ್ಯುಟರಿಯೊಳಗೆ ರಕ್ತ ಒಸರಿ ಅಥವಾ ರಕ್ತ ಕಟ್ಟಿ ಗ್ರಂಥಿ ಹಾಳಾಗುತ್ತದೆ. 1987ರಲ್ಲಿ ಬರ್ಮಾದ ವೈದ್ಯರು ಭತ್ತದ ಗದ್ದೆಯ ರೈತರಲ್ಲಿ ಇದನ್ನು ಕಂಡು ಬರೆದರು. ಭಾರತದಲ್ಲೂ ಇಂಥವರ ವರದಿಗಳು ಬಂದಿವೆ. ಕಡಿತದಿಂದ ಬದುಕಿ ಮನೆಗೆ ಬಂದವನು ತಿಂಗಳು, ವರ್ಷಗಳ ಮೇಲೆ ಸೊರಗುತ್ತಾನೆ. ಮೀಸೆ ತೆಳುವಾಗುತ್ತದೆ, ಕೆಲಸಕ್ಕೆ ಕೈ ಏಳುವುದಿಲ್ಲ. ಹಾವಿನ ವಿಷ ಇನ್ನೂ ಮೈಯಲ್ಲಿದೆ ಎಂದು ಜನ ಮಂತ್ರಿಸಲು ಹೋಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವಾದ ಗಂಗಾವತಿಯ ಗದ್ದೆಗಳಾಗಲಿ, ನಮ್ಮ ಅಡಿಕೆ ತೋಟದ ಸೊಪ್ಪಿನ ರಾಶಿಯಾಗಲಿ ಈ ಹಾವಿಗೆ ಒಂದೇ. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿ ಎಂದು ಸಾರಿದೆ.

ಇನ್ನು ನಾಲ್ಕನೆಯದು ನಾವೇ ತಂದುಕೊಳ್ಳುವುದು. ಮಂಡಿನೋವು, ದಮ್ಮು ಎಂದು ಚೀಟಿಯಿಲ್ಲದೆ ಸ್ಟೀರಾಯಿಡ್ ಗುಳಿಗೆಗಳನ್ನೋ, ಸ್ಟೀರಾಯಿಡ್ ಬೆರೆಸಿದ ಪುಡಿಗಳನ್ನೋ ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಹೊರಗಿನಿಂದ ಬರುತ್ತಿರುವಾಗ ಒಳಗೇಕೆ ದುಡಿಯಬೇಕೆಂದು ಅಡ್ರಿನಲ್ ಮಲಗುತ್ತದೆ. ಒಂದು ದಿನ ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಇವರಿಗೆ ಮೊದಲೇ ಥೈರಾಯಿಡ್ ಇದ್ದರೆ ಜೋಡಿ ಕೂಡಿದಂತಾಯಿತು.

ಒಬ್ಬ ಅಧ್ಯಕ್ಷರ ಗುಟ್ಟು

ಇವೆರಡೂ ಇದ್ದವರು ಮೂಲೆ ಸೇರಬೇಕಾಗಿಲ್ಲ ಎಂಬುದಕ್ಕೆ ಜಗತ್ತೇ ಬಲ್ಲ ಒಂದು ದೃಷ್ಟಾಂತವಿದೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನೆಡಿಯವರಿಗೆ 1947ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಅಡಿಸನ್ನನ ರೋಗವೆಂದು ತಿಳಿಯಿತು. ಊರಿಗೆ ಮರಳುವಾಗ ಹಡಗಿನಲ್ಲಿ ಅವರ ಸ್ಥಿತಿ ಎಷ್ಟು ಬಿಗಡಾಯಿಸಿತ್ತೆಂದರೆ ಪಾದ್ರಿಗಳು ಅಂತ್ಯಸಂಸ್ಕಾರದ ಪ್ರಾರ್ಥನೆಯನ್ನೂ ಮಾಡಿದ್ದರು. ಮುಂದೆ 1955ರಲ್ಲಿ ಥೈರಾಯಿಡ್ ಕೊರತೆಯೂ ಇದೆಯೆಂದು ಗೊತ್ತಾಯಿತು. ಅವರ ತಂಗಿಗೂ ಅಡಿಸನ್ನನ ರೋಗವಿತ್ತು. ಅಮೆರಿಕದ ನೌಕಾಪಡೆಯ ವೈದ್ಯ ಲೀ ಮ್ಯಾಂಡೆಲ್ ಅವರು ದಾಖಲೆಗಳನ್ನು ಪರಿಶೀಲಿಸಿ, ಇದು ಷ್ಮಿಟ್ ಬರೆದ ರೋಗವೇ ಇರಬೇಕೆಂದು 2009ರಲ್ಲಿ ಅಭಿಪ್ರಾಯಪಟ್ಟರು. ಚುನಾವಣೆಯ ಕಾಲದಲ್ಲಿ ಕೆನೆಡಿಯವರ ಕಡೆಯವರು ಈ ರೋಗವನ್ನು ಮುಚ್ಚಿಟ್ಟಿದ್ದರು. ಆದರೆ ದಿನವೂ ಗುಳಿಗೆ ನುಂಗುತ್ತಲೇ ಅವರು 1961ರಿಂದ 1963ರವರೆಗೆ ದೇಶದ ಆಡಳಿತ ನಡೆಸಿದರು.

ಇದಕ್ಕೆ ಕಾರಣ ಔಷಧವೇ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಎಡ್ವರ್ಡ್ ಕೆಂಡಲ್ ಅವರು 1914ರಲ್ಲಿ ಥೈರಾಕ್ಸಿನ್ನನ್ನು ಬೇರ್ಪಡಿಸಿದರು. ಅದೇ ಕೆಂಡಲ್, ರೈಖ್‌ಸ್ಟೈನ್ ಮತ್ತು ಹೆಂಚ್ ಅವರೊಂದಿಗೆ ಅಡ್ರಿನಲ್ ಹಾರ್ಮೋನುಗಳ ಸಂಶೋಧನೆಗಾಗಿ 1950ರಲ್ಲಿ ನೊಬೆಲ್ ಬಹುಮಾನ ಪಡೆದರು. ನಮ್ಮ ಈ ಕಥೆಯ ಎರಡು ಗುಳಿಗೆಗಳಿಗೂ ಒಬ್ಬನೇ ವಿಜ್ಞಾನಿಯ ಕೈ ತಾಗಿದೆ ಎಂಬುದು ಸ್ವಾರಸ್ಯದ ಸಂಗತಿ.

ಯಾವುದು ಮೊದಲು?

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಅದು ಇದು: ಎರಡೂ ಕೊರತೆ ಇದ್ದಾಗ ಮೊದಲು ಕಾರ್ಟಿಸಾಲ್, ಆಮೇಲೆ ಥೈರಾಕ್ಸಿನ್.

ಥೈರಾಕ್ಸಿನ್ ದೇಹದ ಉರಿಯನ್ನು ಏರಿಸುತ್ತದೆ. ಉರಿ ಏರಿದಾಗ ದೇಹಕ್ಕೆ ಕಾರ್ಟಿಸಾಲ್ ಹೆಚ್ಚು ಬೇಕಾಗುತ್ತದೆ. ಇರುವ ಅಷ್ಟಿಷ್ಟೂ ಬೇಗ ಕರಗಿಹೋಗುತ್ತದೆ. ಬಾವಿಯಲ್ಲಿ ನೀರಿಲ್ಲದಾಗ ಪಂಪು ಓಡಿಸಿದರೆ ಮೋಟಾರು ಸುಟ್ಟಂತೆ. ಅಡ್ರಿನಲ್ ಕೊರತೆ ಇದೆಯೆಂದು ತಿಳಿಯದೆ ಬರೀ ಥೈರಾಯಿಡ್ ಗುಳಿಗೆ ಶುರುಮಾಡಿದರೆ ಸುಸ್ತು ನೀಗುವ ಬದಲು ರೋಗಿ ಕುಸಿದು ಬೀಳಬಹುದು.

ಯಲಬುರ್ಗಾ ಸೀಮೆಯ ಆ ಹೆಣ್ಣುಮಗಳಿಗೆ ಆದದ್ದೂ ಇದೇ. ಆಕೆಯ ಮನೆಯ ಕಟ್ಟೆಯ ಮೇಲೆ ಕುಳಿತು ನಾವು ಕೇಳಿದ ಕಥೆ ಹೀಗಿದೆ. ಎರಡನೆಯ ಹೆರಿಗೆ ಮನೆಯಲ್ಲೇ ಆಯಿತು. ರಕ್ತ ನಿಲ್ಲಲಿಲ್ಲ, ಗಾಡಿ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ನಡುರಾತ್ರಿ. ಜೀವ ಉಳಿಯಿತು, ಕೂಸೂ ಉಳಿಯಿತು. ಎದೆಯಲ್ಲಿ ಹಾಲು ಮಾತ್ರ ಇಳಿಯಲಿಲ್ಲ. “ಪಾಪಿ ಅಂದ್ರು, ದಿಟ್ಟಿ ಆಗೇತಿ ಅಂದ್ರು. ಅತ್ತಿ ಆಡಿನ ಹಾಲು ಕುಡಿಸಿ ಕೂಸು ಬೆಳಸಿದ್ಳು” ಎಂದು ಆಕೆ ಹೇಳಿದಳು. ಆಮೇಲೆ ಆರು ವರ್ಷ ಸುಸ್ತು. ಕಳೆ ತೆಗೆಯಲು ಕುಳಿತರೆ ಏಳಲಾರಳು. ಮೈಗಳ್ಳಿ ಎಂಬ ಹೆಸರು ಬಂತು. ಏಪ್ರಿಲ್ ಬಿಸಿಲಲ್ಲೂ ಕೌದಿ ಹೊದ್ದು ಮಲಗುತ್ತಿದ್ದಳು. ಒಂದು ಕಡೆ ರಕ್ತ ಪರೀಕ್ಷೆ ಮಾಡಿ ಥೈರಾಯಿಡ್ ಎಂದು ಗುಳಿಗೆ ಕೊಟ್ಟರು. ಎರಡು ವಾರದೊಳಗೆ ತಲೆಸುತ್ತು, ವಾಂತಿ ಹೆಚ್ಚಿ ಪ್ರಜ್ಞೆ ತಪ್ಪಿದಳು. ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆಯಂತೆ: “ಕಡೇ ಹೆರಿಗಿಯಾಗ ರಕ್ತ ಭಾಳ ಹೋಗಿತ್ತೇನವಾ? ಎದಿಹಾಲು ಬಂದಿತ್ತೇನು?” ಆ ಪ್ರಶ್ನೆಯಿಂದ ಆರು ವರ್ಷದ ಗಂಟು ಬಿಚ್ಚಿತು.

ಇಲ್ಲಿ ಪರೀಕ್ಷೆಯ ಒಂದು ಸೂಕ್ಷ್ಮವಿದೆ. ಸಾಮಾನ್ಯ ಥೈರಾಯಿಡ್ ಕೊರತೆಯಲ್ಲಿ ಟಿ.ಎಸ್.ಎಚ್. ಎಂಬ ಅಂಶ ಏರಿರುತ್ತದೆ; ಅದು ರೈಟರು ಕೂಗಿ ಕೊಡುವ ಅಪ್ಪಣೆ. ರೈಟರೇ ಮಲಗಿದ್ದಾಗ ಕೂಗು ಏರುವುದಿಲ್ಲ. ಆದ್ದರಿಂದ ಟಿ.ಎಸ್.ಎಚ್. ಒಂದನ್ನೇ ನೋಡಿ ಸರಿಯಿದೆ ಎಂದು ಕಳಿಸಿದರೆ ರೋಗ ತಪ್ಪಿಹೋಗುತ್ತದೆ. ಟಿ-4 ಅಂಶವನ್ನೂ, ಬೆಳಿಗ್ಗೆ ಎಂಟು ಗಂಟೆಯ ಸುಮಾರಿನ ಕಾರ್ಟಿಸಾಲನ್ನೂ ನೋಡಬೇಕು. ಬೆಳಗಿನ ಹೊತ್ತೇ ಏಕೆಂದರೆ ಕಾರ್ಟಿಸಾಲ್ ಆಗ ಉತ್ತುಂಗದಲ್ಲಿ ಇರುತ್ತದೆ. ಆಗಲೂ ಕಡಮೆ ಇದ್ದರೆ ಕೊರತೆ ನಿಜ.

ಅಡ್ರಿನಲ್ ಗ್ರಂಥಿಯೇ ಕೆಟ್ಟಿದ್ದರೆ ಬೇರೆ ಗುರುತುಗಳಿವೆ. ಮೈಬಣ್ಣ ಕಪ್ಪಾಗುತ್ತದೆ, ಅಂಗೈ ಗೆರೆ, ಒಸಡು, ಹಳೆಯ ಗಾಯದ ಕಲೆ ಎದ್ದು ಕಾಣುವಂತೆ ಕಪ್ಪಾಗುತ್ತವೆ. ಉಪ್ಪಿನ ಮೇಲೆ ಆಸೆ, ತೂಕ ಇಳಿತ, ನಿಂತರೆ ಕಣ್ಣು ಕತ್ತಲೆ. ಬಿಸಿಲಲ್ಲಿ ದುಡಿಯುವವರ ಮೈ ಕಪ್ಪಾದರೆ ಯಾರು ಲಕ್ಷ್ಯ ಕೊಡುತ್ತಾರೆ? ಒಸಡು ಮತ್ತು ಅಂಗೈ ಗೆರೆ ಬಿಸಿಲಿಗೆ ಕಪ್ಪಾಗುವುದಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು. ಪಿಟ್ಯುಟರಿಯಿಂದ ಬಂದ ಕೊರತೆಯಲ್ಲಿ ಮೈ ಕಪ್ಪಾಗದು, ಬದಲಿಗೆ ಬಿಳಿಚಿಕೊಳ್ಳುತ್ತದೆ.

ದಿನದ ಕಟ್ಟಳೆ

ಚಿಕಿತ್ಸೆ ಸರಳ, ಆದರೆ ಜೀವಮಾನದ್ದು. ಕಾರ್ಟಿಸಾಲಿನ ಬದಲಿಗೆ ಹೈಡ್ರೊಕಾರ್ಟಿಸೋನ್, ಸಾಮಾನ್ಯವಾಗಿ ದಿನಕ್ಕೆ 15ರಿಂದ 25 ಮಿಲಿಗ್ರಾಂ, ಎರಡು ಮೂರು ಪಾಲು ಮಾಡಿ. ದೊಡ್ಡ ಪಾಲು ಎದ್ದೊಡನೆ. ಕೊನೆಯ ಪಾಲು ಹೊತ್ತು ಮುಳುಗುವ ಮೊದಲು, ಇಲ್ಲವಾದರೆ ನಿದ್ರೆ ಹತ್ತದು. ಹೈಡ್ರೊಕಾರ್ಟಿಸೋನ್ ಸಿಗದ ಕಡೆ ಡಾಕ್ಟರು ಪ್ರೆಡ್ನಿಸೊಲೋನ್ ಕೊಡುತ್ತಾರೆ. ಅದು ಸಣ್ಣ ಊರಿನ ಔಷಧದಂಗಡಿಯಲ್ಲೂ ಇರುತ್ತದೆ. ಅಡ್ರಿನಲ್ ಗ್ರಂಥಿಯೇ ಕೆಟ್ಟವರಿಗೆ ಉಪ್ಪು ಹಿಡಿದಿಡಲು ಫ್ಲುಡ್ರೊಕಾರ್ಟಿಸೋನ್ ಎಂಬ ಇನ್ನೊಂದು ಗುಳಿಗೆಯೂ ಬೇಕು. ಪಿಟ್ಯುಟರಿ ಕೆಟ್ಟವರಿಗೆ ಇದು ಬೇಡ. ಥೈರಾಕ್ಸಿನ್ ದಿನಕ್ಕೊಂದು ಸಲ. ಪ್ರಮಾಣವನ್ನು ಡಾಕ್ಟರೇ ಗೊತ್ತುಮಾಡಬೇಕು. ಸ್ಟೀರಾಯಿಡ್ ಮಿತಿಮೀರಿದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಆದರೆ ಆ ಭಯದಿಂದ ಗುಳಿಗೆಯನ್ನೇ ಬಿಡುವುದು ಮಾರಕ. ದೇಹ ತಾನೇ ಮಾಡಬೇಕಾದ್ದನ್ನು ಅದೇ ಅಳತೆಯಲ್ಲಿ ಹೊರಗಿನಿಂದ ತುಂಬಿಕೊಡುತ್ತಿದ್ದೇವೆ, ಅಷ್ಟೆ.

ಕಾಫಿ ಬೆಳೆಗಾರರಾದ ನಾವು ಒಪ್ಪಲೇಬೇಕಾದ ಒಂದು ಮಾತಿದೆ. ಥೈರಾಕ್ಸಿನ್ ಗುಳಿಗೆಗೆ ಕಾಫಿ ಆಗಿಬರುವುದಿಲ್ಲ. ಗುಳಿಗೆಯ ಜೊತೆಯಲ್ಲೇ ಕಾಫಿ ಕುಡಿದರೆ ಅದು ಕರುಳಿನಲ್ಲಿ ಸರಿಯಾಗಿ ಇಳಿಯದು. ಎದ್ದೊಡನೆ ಬರಿಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿಯೋ ಚಹಾವೋ ತಿಂಡಿಯೋ ಆಗಬಹುದು. ಕಬ್ಬಿಣದ ಗುಳಿಗೆ, ಸುಣ್ಣದ ಅಂಶದ ಗುಳಿಗೆ ತೆಗೆದುಕೊಳ್ಳುವವರು ನಾಲ್ಕು ಗಂಟೆಯ ಅಂತರ ಇಡಬೇಕು. ಕ್ಷಯದ ರಿಫಾಂಪಿಸಿನ್ ಔಷಧ ಶುರುವಾದರೆ ಸ್ಟೀರಾಯಿಡ್ ಬೇಗ ಕರಗುತ್ತದೆ. ಆಗ ಪ್ರಮಾಣ ಏರಿಸಬೇಕಾಗುತ್ತದೆ. ಥೈರಾಯಿಡ್ ಇರುವ ಹೆಂಗಸು ಬಸುರಿಯಾದರೆ ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಆಗಲೂ ಗುಳಿಗೆಯ ಅಳತೆ ಏರುತ್ತದೆ.

ಕೊಪ್ಪಳ ಸೀಮೆಯ ಬೇಸಿಗೆ ಇವರಿಗೊಂದು ಪರೀಕ್ಷೆಯೇ ಸರಿ. ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಬೆವರಿನೊಡನೆ ಉಪ್ಪು ಹರಿದುಹೋಗುತ್ತದೆ. ಅಡ್ರಿನಲ್ ಗ್ರಂಥಿಯೇ ಕೆಟ್ಟವರಿಗೆ ಆ ಉಪ್ಪನ್ನು ಹಿಡಿದಿಡುವ ಶಕ್ತಿ ಇಲ್ಲ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಅಲ್ಲಿನವರ ಹಳೆಯ ರೂಢಿ. ಈ ರೋಗಿಗಳಿಗೆ ಅದೇ ಔಷಧ. ಸಕ್ಕರೆ, ರಕ್ತದೊತ್ತಡ ಇರುವವರಿಗೆ ಉಪ್ಪು ಬಿಡಿ ಎಂದು ಹೇಳುವ ಮಾತನ್ನು ಇವರು ತಮಗೂ ಅನ್ವಯಿಸಿಕೊಳ್ಳಬಾರದು. ಇನ್ನು ಪತ್ರಾಸಿನ ಮನೆಯ ಗೂಡಿನಲ್ಲಿಟ್ಟ ಥೈರಾಕ್ಸಿನ್ ಗುಳಿಗೆ ಕಾವಿಗೆ ಬಲಗುಂದುತ್ತದೆ. ಆ ಹೆಣ್ಣುಮಗಳು ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು ನೀರಿನ ಗಡಿಗೆಯ ಪಕ್ಕದ ನೆರಳಿನಲ್ಲಿ ಇಡುತ್ತಾಳೆ. ಮಲೆನಾಡಿಗೆ ಬಂದಾಗ ಕಾವಿನ ಭಯವಿಲ್ಲ, ತೇವದ ಭಯ. ಡಬ್ಬಿ ಅದಕ್ಕೂ ಆಯಿತು.

ಉಪವಾಸದ ವಿಚಾರವೂ ಬಂತು. ಶ್ರಾವಣ ಸೋಮವಾರ, ಶಿವರಾತ್ರಿ, ರಂಜಾನ್ ಯಾವುದೇ ಇರಲಿ, ಹೊತ್ತಿಗೆ ಗುಳಿಗೆಯೂ ಅನ್ನನೀರೂ ತಪ್ಪಿದರೆ ಇವರ ಸಕ್ಕರೆ ಇಳಿದು ಬೀಳುತ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ, ಹುಲಿಗೆಮ್ಮನ ಗುಡಿಗೆ, ಅಂಜನಾದ್ರಿ ಬೆಟ್ಟಕ್ಕೆ ಹೋಗಲು ಅಡ್ಡಿಯಿಲ್ಲ. ಬೆಟ್ಟ ಹತ್ತುವ ಮೊದಲು ಉಣ್ಣಬೇಕು, ಗುಳಿಗೆ ಕಿಸೆಯಲ್ಲಿರಬೇಕು, ಒಬ್ಬರೇ ಹೋಗಬಾರದು. “ದೇವ್ರು ಗುಳಿಗಿ ನುಂಗಿದ್ರ ಸಿಟ್ಟಾಗಂಗಿಲ್ರೀ. ಬಿಟ್ರ ನಾನೇ ದೇವ್ರ ಹಂತ್ಯಾಕ ಹೋಕ್ಕೀನಿ” ಎಂದು ಆಕೆ ನಕ್ಕಳು.

ಜ್ವರ ಬಂದ ದಿನ

ಆರೋಗ್ಯವಂತನಿಗೆ ಜ್ವರ ಬಂದರೆ ಅವನ ಅಡ್ರಿನಲ್ ಕಾರ್ಟಿಸಾಲನ್ನು ತಾನೇ ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಇವರಲ್ಲಿ ಆ ಕೆಲಸ ಕೈಯಿಂದ ಮಾಡಬೇಕು. ವೈದ್ಯರು ಹೇಳಿಕೊಡುವ ಕ್ರಮ ಹೀಗಿದೆ. ಜ್ವರ ಬಂದರೆ ಸ್ಟೀರಾಯಿಡ್ ಗುಳಿಗೆ ಎರಡು ಪಟ್ಟು. ಜ್ವರ 102 ಡಿಗ್ರಿ ದಾಟಿದರೆ ಮೂರು ಪಟ್ಟು. ಜ್ವರ ಬಿಟ್ಟ ಒಂದೆರಡು ದಿನಕ್ಕೆ ಮೊದಲಿನ ಅಳತೆ. ಥೈರಾಕ್ಸಿನ್ನನ್ನು ಹೀಗೆ ಏರಿಸಬಾರದು, ಅದು ಇದ್ದಂತೆಯೇ ಇರಲಿ. ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ತೀವ್ರ ಭೇದಿಯಾದರೆ, ಕೈಕಾಲು ಮುರಿದರೆ, ಶಸ್ತ್ರಚಿಕಿತ್ಸೆಯಾದರೆ, ಹೆರಿಗೆಯಾದರೆ ಗುಳಿಗೆ ಸಾಲದು. ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಕೂಡಲೇ ಬೀಳಬೇಕು, ಜೊತೆಗೆ ಸಲೈನು. ಇದೇನೂ ದೂರದ ನಗರದಲ್ಲಿ ಮಾತ್ರ ಸಿಗುವ ಅಪರೂಪದ ಮದ್ದಲ್ಲ. ದಮ್ಮಿಗೆ, ಅಲರ್ಜಿಗೆ ಕೊಡುವ ಇಂಜೆಕ್ಷನ್ ಇದೇ. ಬೇಕಾದ್ದು ಇದನ್ನು ಕೊಡಬೇಕೆಂಬ ತಿಳಿವಳಿಕೆ. ಆ ತಿಳಿವಳಿಕೆಯೇ ಆ ಚೀಟಿ.

ಸಂಕಟದ ಗುರುತುಗಳನ್ನು ಮನೆಯವರು ಬಾಯಿಪಾಠ ಮಾಡಿರಬೇಕು: ನಿಲ್ಲದ ವಾಂತಿ, ಹೊಟ್ಟೆನೋವು, ಏಳಲಾರದ ನಿಶ್ಶಕ್ತಿ, ತಣ್ಣಗಿನ ಮೈ, ತೊದಲು ಮಾತು, ಮಂಪರು. ಇಷ್ಟರಲ್ಲಿ ಎರಡು ಕಂಡರೂ ನಾಳೆ ನೋಡೋಣ ಎನ್ನುವಂತಿಲ್ಲ. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತದೆ.

ತೋಟದವರು ಮಾಡಬೇಕಾದ್ದು

ಹಂಗಾಮಿನ ಕೆಲಸಗಾರರು ತಮ್ಮ ರೋಗವನ್ನು ಹೇಳಿಕೊಳ್ಳುವುದಿಲ್ಲ. ಹೇಳಿದರೆ ಕೆಲಸ ಕೊಡಲಿಕ್ಕಿಲ್ಲ ಎಂಬ ಅಂಜಿಕೆ. ಆ ಹೆಣ್ಣುಮಗಳೂ ಹೇಳಿರಲಿಲ್ಲ. ಆಕೆಯ ಗಂಡ ನಮಗೆ ಕೊಟ್ಟ ಕಾರಣ ಇಷ್ಟೇ: “ಬ್ಯಾನಿ ಅದಾಕಿ ಅಂದ್ರ ನಿಮ್ಮ ಕಡ್ಯಾವ್ರು ಬಸ್ ಹತ್ತಿಸಿ ವಾಪಸ್ ಕಳಸ್ತಾರ್ರೀ.” ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಹಾಗೆ ಕಳಿಸಿದ ತೋಟಗಳನ್ನು ನಾವೂ ಬಲ್ಲೆವು. ಗುಳಿಗೆ ಸರಿಯಾಗಿ ತೆಗೆದುಕೊಳ್ಳುವ ಇಂಥವರು ಎಲ್ಲರಂತೆ ದುಡಿಯಬಲ್ಲರು. ಆಕೆ ಇಡೀ ಹಂಗಾಮಿನಲ್ಲಿ ತಪ್ಪಿಸಿದ್ದು ನಾಲ್ಕು ದಿನ.

ಆದ್ದರಿಂದ ಸದಸ್ಯರಲ್ಲಿ ನಮ್ಮ ಬಿನ್ನಹ ಇಷ್ಟು. ಮೇಳ ಬಂದಿಳಿದ ದಿನವೇ ರೈಟರು ಪ್ರತಿ ಮನೆಯ ಹತ್ತಿರ ಹೋಗಿ, ದಿನಾ ತಪ್ಪದೆ ನುಂಗುವ ಗುಳಿಗೆ ಯಾರಿಗಾದರೂ ಇದೆಯೇ, ಚೀಟಿ ಇದೆಯೇ ಎಂದು ಕೇಳಲಿ. ಹೇಳಿದವರ ಕೆಲಸಕ್ಕೆ ಚ್ಯುತಿಯಿಲ್ಲವೆಂದು ಮೊದಲೇ ಮಾತು ಕೊಡಲಿ. ಹೆಂಗಸರನ್ನು ಹೆಂಗಸರೇ ಕೇಳುವುದು ಉತ್ತಮ. ಊರಿಂದ ತಂದ ಗುಳಿಗೆ ಹಂಗಾಮು ಮುಗಿಯುವವರೆಗೆ ಸಾಕೇ ಎಂದು ಎಣಿಸಲಿ; ಸಾಲದಿದ್ದರೆ ಸಂತೆಗೆ ಹೋಗುವ ಜೀಪಿನಲ್ಲಿ ತರಿಸಿಕೊಡಲಿ. ಚೀಟಿಯ ಒಂದು ನಕಲು ಆಫೀಸಿನ ಮೇಜಿನಲ್ಲಿರಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲೇ ತಿಳಿಸಿಡಲಿ. 108ಕ್ಕೆ ಫೋನು ಮಾಡಬಹುದು; ಆದರೆ ಫೋನು ಸಿಗದ ಮೂಲೆಯ ತೋಟಗಳಲ್ಲಿ ರಾತ್ರಿ ವಾಹನ ಯಾರದ್ದು, ಓಡಿಸುವವರು ಯಾರು ಎಂದು ಮೊದಲೇ ಗೊತ್ತಿರಲಿ.

ಹಾವು ಕಡಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಕಡಿದ ಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಕೊಳಕುಮಂಡಲ ಕಡಿದು ಬದುಕಿದವನು ತಿಂಗಳುಗಳ ಮೇಲೆ ಸೊರಗಿದರೆ ಈ ಲೇಖನವನ್ನು ಡಾಕ್ಟರ ಮುಂದೆ ನೆನಪಿಸಿ. ಹೆರಿಗೆಯಲ್ಲಿ ರಕ್ತ ಹರಿದು ಎದೆಹಾಲು ಬಾರದೆ ಹೋದ ಹೆಂಗಸು ನಿಮ್ಮ ಮನೆಯಲ್ಲೇ ಇರಬಹುದು, ಲೈನಿನಲ್ಲೇ ಇರಬಹುದು. ಆಕೆಯ ಸುಸ್ತಿಗೆ ಮೈಗಳ್ಳತನ ಎಂಬ ಹೆಸರಿಡುವ ಮೊದಲು ಒಮ್ಮೆ ಕಾರ್ಟಿಸಾಲ್, ಟಿ-4 ನೋಡಿಸಿ. ಥೈರಾಯಿಡ್ ಗುಳಿಗೆ ಶುರುವಾದ ಮೇಲೆ ಯಾರಿಗಾದರೂ ಸುಸ್ತು ಇಳಿಯದೆ ಏರಿದರೆ ಅದನ್ನು ಸುಮ್ಮನೆ ಸಹಿಸದೆ ಡಾಕ್ಟರಲ್ಲಿಗೆ ಮರಳಿ ಕರೆದೊಯ್ಯಿರಿ.

ಬರುವ ಕುಯ್ಲಿನಿಂದ ನಮ್ಮ ಸಂಘದ ಕಚೇರಿಯಲ್ಲಿ ಇಂಥ ಚೀಟಿಯ ಅಚ್ಚುಪ್ರತಿಗಳನ್ನು ಕನ್ನಡದಲ್ಲಿ ಇಡಲು ಉದ್ದೇಶಿಸಿದ್ದೇವೆ. ಹೆಸರು, ರೋಗ, ಗುಳಿಗೆಯ ಅಳತೆ, ವಾಂತಿಯಾದರೆ ಕೊಡಬೇಕಾದ ಇಂಜೆಕ್ಷನ್, ಊರಿನ ಮನೆಯವರ ಫೋನು ಇಷ್ಟಕ್ಕೆ ಜಾಗವಿರುತ್ತದೆ. ಡಾಕ್ಟರ ಸಹಿ ಹಾಕಿಸಿ ಕೆಲಸಗಾರರ ಕೈಗೆ ಕೊಡುವುದು ಸದಸ್ಯರ ಜವಾಬ್ದಾರಿ. ಗೊಬ್ಬರದ ಚೀಟಿ ಒಯ್ಯಲು ಬಂದಾಗ ಇದನ್ನೂ ಕೇಳಿ ಪಡೆಯಬೇಕಾಗಿ ಕೋರುತ್ತೇವೆ.